ಹಿಮದ ಊರಿನ ಮಣ್ಣಿನ ಮಾಳಿಗೆ

(ಬಳಗದ ವಾರ್ಷಿಕ ಸಭೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣು ಮತ್ತು ಬೆಳೆಯ ವಿಚಾರ ಹೇಳಬೇಕಾದವನು ಛಾವಣಿಯ ವಿಚಾರ ಎತ್ತಿಕೊಂಡಿದ್ದಾನಲ್ಲ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಾನು ಇಂದು ಹೇಳಹೊರಟಿರುವ ಛಾವಣಿಯೇ ಮಣ್ಣಿನದು. ಹೊಲದಲ್ಲಿ ನೀರು ಇಂಗುವುದು, ಬಸಿಯುವುದು, ಮಣ್ಣು ಬಿರಿಯುವುದು, ಹೆಪ್ಪುಗಟ್ಟುವುದು ಯಾವ ನಿಯಮಗಳಿಗೆ ಒಳಪಟ್ಟಿದೆಯೋ ಅದೇ ನಿಯಮಗಳಿಗೆ ಆ ಛಾವಣಿಯೂ ಒಳಪಟ್ಟಿದೆ. ಲಡಾಖಿನ ಲೇಹ್ ಪಟ್ಟಣದಲ್ಲಿ ಅಂಗಡಿ, ವಸತಿಗೃಹ, ಹೋಟೆಲುಗಳ ಮೇಲಿರುವ ಹಳೆಯ ಮಣ್ಣಿನ ಮಾಳಿಗೆಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಅಲ್ಲಿನ ಜನರನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ. ಅಲ್ಲಿಗೆ ಪ್ರವಾಸ ಹೋಗಿಬಂದ ನಮ್ಮ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಯೂ ಅದೇ: ಹಿಮ ಬೀಳುವ ಊರಿನಲ್ಲಿ ಮಾಡು ಏಕೆ ಮಟ್ಟಸವಾಗಿದೆ? ಅದು ಹಳತಾದಾಗ ಇಳಿಜಾರು ಮಾಡನ್ನೇ ಕಟ್ಟಬಾರದೇಕೆ?

ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಈ ಪ್ರಶ್ನೆ ಸಹಜ. ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಹೊಡೆಯುವಲ್ಲಿ ಸೋಗೆಯಾಗಲಿ ಹಂಚಾಗಲಿ, ಮಾಡು ಕಡಿದಾಗಿ ಇಳಿಯಲೇಬೇಕು. ಲೇಹ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಹಿಮಾಲಯದ ಮುಖ್ಯ ಸಾಲಿನ ಆಚೆ, ಮಳೆಯ ನೆರಳಿನಲ್ಲಿದೆ. ಮಳೆ ಹಿಮ ಎರಡನ್ನೂ ಸೇರಿಸಿದರೂ ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 100 ಮಿಲಿಮೀಟರ್ ಮಾತ್ರ. ಜುಲೈ ತಿಂಗಳಿನಲ್ಲಿ ನಮ್ಮ ಅಂಗಳದಲ್ಲಿ ಒಂದೇ ದಿನ ಸುರಿಯಬಹುದಾದ ನೀರು ಅದು. ಪಟ್ಟಣದಲ್ಲಿ ಬೀಳುವ ಹಿಮವೂ ನಾವು ಚಿತ್ರಗಳಲ್ಲಿ ಕಾಣುವಂತೆ ಆಳೆತ್ತರದ್ದಲ್ಲ. ಚಳಿ ತೀವ್ರವಾದುದರಿಂದ ಅದು ಒಣಹಿಟ್ಟಿನಂತೆ ಹಗುರವಾಗಿ ಬೀಳುತ್ತದೆ. ಬಿದ್ದ ಬೆಳಗ್ಗೆಯೇ ಮರದ ಹಲಗೆಯಿಂದ ಗೋರಿ ಕೆಳಕ್ಕೆ ತಳ್ಳಿದರೆ ಮಾಳಿಗೆಗೆ ಒಂದು ಹನಿ ನೀರೂ ಸೋಕುವುದಿಲ್ಲ.

ಹಾಗಾಗಿ ಅಲ್ಲಿ ಮಟ್ಟಸ ಮಾಡು ದಡ್ಡತನದ ಫಲವಲ್ಲ. ಅದು ಒಕ್ಕಲುತನದ ಒಂದು ಅಂಗ. ಬೇಸಾಯದ ಕಾಲ ನಾಲ್ಕೈದು ತಿಂಗಳು ಮಾತ್ರ ಇರುವ ನಾಡಿನಲ್ಲಿ ಬೇಸಗೆಯಲ್ಲಿ ಕೊಯ್ದ ಕುದುರೆ ಮೆಂತೆಯ ಮೇವು ಒಣಗುವುದು ಮಾಳಿಗೆಯ ಮೇಲೆ. ಏಪ್ರಿಕಾಟ್ ಹಣ್ಣು ಹರವುವುದು ಅಲ್ಲಿ. ಸಗಣಿಯ ಬೆರಣಿ, ಸೌದೆ ಒಟ್ಟುವುದೂ ಅಲ್ಲಿಯೇ. ಅಂಚಿನುದ್ದಕ್ಕೂ ಒಟ್ಟಿದ ಮೇವು ಗಾಳಿಯನ್ನು ತಡೆಯುತ್ತದೆ. ಚಳಿಗಾಲದ ಬಿಸಿಲಿನಲ್ಲಿ ಮನೆಮಂದಿ ಕೂರುವ ಅಂಗಳವೂ ಅದೇ. ಇಳಿಜಾರು ಮಾಡಿಗೆ ಹೋದರೆ ಇಷ್ಟೂ ಜಾಗ ಕೈಬಿಡುತ್ತದೆ.

ಕಟ್ಟುವ ಕ್ರಮ ಹೀಗಿದೆ. ಕಾಲುವೆಯ ಬದಿಯಲ್ಲಿ ನೆಟ್ಟು ಬೆಳೆಸಿದ ಪಾಪ್ಲರ್ ಮರದ ಕಾಂಡಗಳನ್ನು ಗೋಡೆಯಿಂದ ಗೋಡೆಗೆ ತೊಲೆಯಾಗಿ ಹಾಯಿಸುತ್ತಾರೆ. ಅದರ ಮೇಲೆ ಅಡ್ಡಲಾಗಿ ವಿಲ್ಲೋ ಗಿಡದ ಕಡ್ಡಿಗಳನ್ನು ಒತ್ತೊತ್ತಾಗಿ ಜೋಡಿಸುತ್ತಾರೆ. ಮೇಲೆ ಹುಲ್ಲು ಅಥವಾ ಒಣಗಿದ ಪೊದೆಯ ಪದರ, ಅದರ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ನೀರನ್ನು ಬೇಗ ಒಳಬಿಡದ ಜೇಡಿಯ ಲೇಪ. ಈ ಜೇಡಿಯನ್ನು ಲಡಾಖಿಗಳು ಮರ್ಕಲಕ್ ಎನ್ನುತ್ತಾರೆ. ಚಿತ್ರದುರ್ಗ, ಬಳ್ಳಾರಿ ಸೀಮೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ಇದು ಪರಿಚಿತವೆನಿಸೀತು. ತೊಲೆ, ಜಂತೆ, ಅದರ ಮೇಲೆ ಕರಲು ಮಣ್ಣು. ಕರಲು ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ಒದ್ದೆಯಾದೊಡನೆ ಜೇಡಿಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ರೈತನಿಗೆ ಶತ್ರುವಾದ ಗುಣ ಮಾಳಿಗೆಯ ಮೇಲೆ ಗೃಹಸ್ಥನಿಗೆ ಮಿತ್ರನಾಗುತ್ತದೆ. ಲಡಾಖಿನ ಜೇಡಿಯ ರಾಸಾಯನಿಕ ಗುಣ ಇದೇ ಎಂದು ನಾನು ಹೇಳುತ್ತಿಲ್ಲ. ನೀರನ್ನು ಮೇಲ್ಪದರದಲ್ಲಿಯೇ ತಡೆದು ಅಂಚಿಗೆ ಕಳಿಸುವ ಉಪಾಯ ಮಾತ್ರ ಎರಡೂ ಕಡೆ ಒಂದೇ.

ಇನ್ನು ಈ ಮಾಳಿಗೆ ಮುಪ್ಪಾಗುವ ಬಗೆಯನ್ನು ನೋಡೋಣ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ. ಹಗಲಿನ ಬಿಸಿಲಿಗೆ ಕರಗಿ ಕೂದಲೆಳೆಯ ಬಿರುಕಿಗಿಳಿದ ನೀರು ರಾತ್ರಿ ಗಡ್ಡೆಯಾಗಿ ಬಿರುಕನ್ನು ಅಗಲಿಸುತ್ತದೆ. ಮರುದಿನ ಅಲ್ಲಿಗೆ ಇನ್ನಷ್ಟು ನೀರು ಇಳಿಯುತ್ತದೆ. ಹೂಳಿನಂತಹ ನಯವಾದ ಮಣ್ಣಾಗಿದ್ದರೆ ಕಷ್ಟ ಇನ್ನೂ ಹೆಚ್ಚು. ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವಂತೆ ಆ ಮಣ್ಣು ನೀರನ್ನು ಹೆಪ್ಪುಗಟ್ಟುತ್ತಿರುವ ಜಾಗಕ್ಕೆ ಎಳೆದುಕೊಂಡು ಒಳಗೇ ಗಡ್ಡೆಯ ತೆಳುಪದರಗಳನ್ನು ಕಟ್ಟುತ್ತದೆ, ಮೇಲಿನ ಮಣ್ಣನ್ನು ಎತ್ತಿ ಸಡಿಲಗೊಳಿಸುತ್ತದೆ. ಚಳಿನಾಡಿನ ರೈತ ಇದೇ ಕ್ರಿಯೆಯಿಂದ ಹೊಲದ ಹೆಂಟೆ ತಾನಾಗಿ ಪುಡಿಯಾಗುವುದನ್ನು ಕಂಡು ಸಂತೋಷಪಡುತ್ತಾನೆ. ಮಾಳಿಗೆಯ ಮೇಲೆ ಅದು ಸಂತೋಷದ ವಿಷಯವಲ್ಲ. ಜೇಡಿಗೆ ಕತ್ತರಿಸಿದ ಹುಲ್ಲು ಬೆರೆಸಿ ಮೆತ್ತುವ ವಾಡಿಕೆಗೆ ಕಾರಣ ಇಲ್ಲಿದೆ: ಹುಲ್ಲಿನ ಎಳೆಗಳು ಒಣಗುವಾಗಿನ ಬಿರುಕನ್ನು ಹಿಡಿದಿಡುತ್ತವೆ, ದೊಡ್ಡ ಸೀಳಾಗಲು ಬಿಡುವುದಿಲ್ಲ.

ಆದರೂ ನೂರಾರು ವರ್ಷ ಈ ಮಾಳಿಗೆಗಳು ಬಾಳಿದವು. ಕಾರಣ, ಪ್ರತಿವರ್ಷ ಅದರ ಮೇಲೆ ಮನುಷ್ಯನ ಕೈ ಆಡುತ್ತಿತ್ತು. ಹಿಮ ಬಿದ್ದಾಗ ಗೋರುವುದು, ವಸಂತದಲ್ಲಿ ಬಿರುಕು ತುಂಬುವುದು, ನೀರು ಹೊರಹಾಕುವ ಮರದ ದಂಬೆಯ ಬಾಯಿ ಬಿಡಿಸುವುದು, ಜೇಡಿ ಸವೆದಲ್ಲಿ ಮತ್ತೆ ಮೆತ್ತುವುದು. ಮನೆಯವರು ಅದರ ಕೆಳಗೇ ಮಲಗುತ್ತಿದ್ದರು. ಒಂದು ಹನಿ ತೊಟ್ಟಿಕ್ಕಿದರೂ ಗೊತ್ತಾಗುತ್ತಿತ್ತು.

ಲಡಾಖ್ ಪ್ರವಾಸಿಗರಿಗೆ ತೆರೆದದ್ದು 1974ರಲ್ಲಿ. 2022ರಲ್ಲಿ ಬಂದವರ ಸಂಖ್ಯೆ 5 ಲಕ್ಷ ದಾಟಿತು. ಮನೆಗಳು ವಸತಿಗೃಹಗಳಾದವು, ವಸತಿಗೃಹಗಳು ಹೋಟೆಲುಗಳಾದವು, ಪೇಟೆಬೀದಿಯ ಕೆಳಮನೆಗಳು ಅಂಗಡಿಗಳಾದವು. ಈ ಬದಲಾವಣೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಾರ್ಲಿ ಬೆಳೆದು ಮಾತ್ರ ಬದುಕಬೇಕೆಂದು ಅವರಿಗೆ ಹೇಳಲು ನಾವು ಯಾರು? ಆದರೆ ಛಾವಣಿಯ ಮಟ್ಟಿಗೆ ಏನಾಯಿತೆಂದು ನೋಡಬೇಕು. ಹಲವು ಹೋಟೆಲುಗಳು ಅಕ್ಟೋಬರಿನಲ್ಲಿ ಬಾಗಿಲು ಹಾಕಿ ಏಪ್ರಿಲ್ ಮೇ ಹೊತ್ತಿಗೆ ತೆರೆಯುತ್ತವೆ. ಹಿಮ ಬೀಳುವುದು ಅದೇ ತಿಂಗಳುಗಳಲ್ಲಿ. ಗೋರುವವರಿಲ್ಲದ ಮಾಳಿಗೆಯ ಮೇಲೆ ಹಿಮ ಅಲ್ಲೇ ಕೂತು, ಕುಸಿದು, ಕರಗಿ, ಮತ್ತೆ ಗಡ್ಡೆಯಾಗುತ್ತದೆ. ಇತ್ತೀಚೆಗೆ ಹಿಮಚಿರತೆ ನೋಡಲೆಂದೂ, ಹೆಪ್ಪುಗಟ್ಟಿದ ಝಂಸ್ಕಾರ್ ನದಿಯ ಮೇಲೆ ನಡೆಯಲೆಂದೂ ಚಳಿಗಾಲದಲ್ಲಿಯೇ ಬರುವವರಿದ್ದಾರೆ. ಅವರಿಗಾಗಿ ತೆರೆದಿಟ್ಟ ಹೋಟೆಲಿನ ಕಷ್ಟ ಬೇರೆ. ಕೋಣೆ ಬೆಚ್ಚಗಿರುತ್ತದೆ, ಆ ಶಾಖ ಮೇಲೇರಿ ಹಿಮವನ್ನು ಅಡಿಯಿಂದ ಕರಗಿಸುತ್ತದೆ, ಕರಗಿದ ನೀರು ಶಾಖವಿಲ್ಲದ ಅಂಚಿಗೆ ಹರಿದು ಅಲ್ಲಿ ಗಡ್ಡೆಯಾಗಿ ದಂಬೆಯನ್ನು ಮುಚ್ಚುತ್ತದೆ, ಹಿಂದೆ ನಿಂತ ನೀರು ಮಣ್ಣಿಗೆ ಇಳಿಯುತ್ತದೆ.

ಇನ್ನೊಂದು ಕಣ್ಣಿಗೆ ಕಾಣದ ಕಾರಣವಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆಯ ಲಡಾಖಿ ಮನೆಯಲ್ಲಿ ಪಾಯಿಖಾನೆ ಒಣಪದ್ಧತಿಯದು, ಸ್ನಾನ ಅಪರೂಪ. ಹೋಟೆಲಿನ ಪ್ರತಿ ಕೋಣೆಗೂ ಬಿಸಿನೀರಿನ ಸ್ನಾನಗೃಹ ಬೇಕು. ಸ್ನಾನದ ಹಬೆ ಮೇಲೇರಿ ವಿಲ್ಲೋ ಕಡ್ಡಿಗಳ ಸಂದಿನಿಂದ ಮಾಳಿಗೆಯೊಳಗೆ ಹೊಗುತ್ತದೆ. ಹೊರಗೆ ಉಷ್ಣತೆ ಸೊನ್ನೆಗಿಂತ 15 ಡಿಗ್ರಿ ಕೆಳಗಿರುವಾಗ ಆ ಹಬೆ ಎಲ್ಲೋ ಮಧ್ಯದಲ್ಲಿ, ಹುಲ್ಲಿನ ಪದರದಲ್ಲಿ, ನೀರಾಗಿ ಅಥವಾ ಗಡ್ಡೆಯಾಗಿ ಕೂರುತ್ತದೆ. ಪಾಪ್ಲರ್ ಒಣಗಿದ್ದಷ್ಟು ಕಾಲ ಬಾಳುವ ಮರ; ತೇವ ತಗುಲಿದರೆ ಬೇಗ ಕೊಳೆಯುತ್ತದೆ. ಹೀಗೆ ಮೇಲಿನಿಂದ ಒಂದು ಹನಿ ಸೋರದಿದ್ದರೂ ತೊಲೆ ಕೆಳಗಿನಿಂದ ಕೊಳೆಯಬಹುದು. ಗೋಡೆಯೊಳಗೆ ಹೂತಿರುವ ತೊಲೆಯ ತುದಿ ಎಲ್ಲಕ್ಕಿಂತ ಮೊದಲು ಹೋಗುತ್ತದೆ, ಅದು ಕಾಣುವುದೇ ಇಲ್ಲ. ಸಣ್ಣ ಕೈಬಾಚಿಯಿಂದಲೋ ಚೂಪಾದ ಉಳಿಯಿಂದಲೋ ಚುಚ್ಚಿ ನೋಡಿದರೆ ಮಾತ್ರ ತಿಳಿದೀತು.

ಸೋರಿಕೆ ಕಂಡಾಗ ಯಜಮಾನರು ಮಾಡುವ ಸುಲಭದ ಕೆಲಸವೆಂದರೆ ಮೇಲೆ ಇನ್ನೊಂದು ಪದರ ಮಣ್ಣು ಹಾಕಿಸುವುದು. ಈ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ, ವಿದ್ಯಾರ್ಥಿಗಳು ಬರೆದುಕೊಳ್ಳಬಹುದು. ಒಣಮಣ್ಣಿನ ತೂಕ ಘನಮೀಟರಿಗೆ ಸುಮಾರು 1,600 ಕಿಲೋ. ಅಂದರೆ ಒಂದು ಚದರ ಮೀಟರಿನ ಮೇಲೆ ಒಂದು ಸೆಂಟಿಮೀಟರ್ ದಪ್ಪ ಮಣ್ಣು ಹರಡಿದರೆ 16 ಕಿಲೋ. ವರ್ಷಕ್ಕೊಂದು ಸೆಂಟಿಮೀಟರಿನಂತೆ ಹತ್ತು ವರ್ಷ ಹಾಕಿದರೆ ಚದರ ಮೀಟರಿಗೆ 160 ಕಿಲೋ ಹೆಚ್ಚಾಯಿತು. ಹೊಸದಾಗಿ ಬಿದ್ದ ಹಿಮದ ತೂಕ ಘನಮೀಟರಿಗೆ ಸುಮಾರು 100 ಕಿಲೋ ಎಂದಿಟ್ಟುಕೊಳ್ಳಿ. ಆ 160 ಕಿಲೋ ಎಂದರೆ ಒಂದೂವರೆ ಮೀಟರಿಗಿಂತ ಹೆಚ್ಚು ಎತ್ತರದ ಹಿಮವನ್ನು ವರ್ಷವಿಡೀ ಹೊತ್ತು ನಿಂತ ಹಾಗೆ! ಲೇಹ್ ಪಟ್ಟಣದಲ್ಲಿ ಅಷ್ಟು ಹಿಮ ಎಂದೂ ಕೂರುವುದಿಲ್ಲ. ನಾಲ್ಕು ಮೀಟರ್ ಅಗಲ ಐದು ಮೀಟರ್ ಉದ್ದದ ಕೋಣೆಗೆ ಇದು 3,200 ಕಿಲೋ ಆಯಿತು. ಹಿಮಕ್ಕೆ ಹೆದರಿ ಹಾಕಿದ ಮಣ್ಣು ಹಿಮಕ್ಕಿಂತ ದೊಡ್ಡ ಹೊರೆಯಾಯಿತು.

ಇದು ಒಣಮಣ್ಣಿನ ಲೆಕ್ಕ. ಮಣ್ಣು ತನ್ನ ಗಾತ್ರದ ಐದನೆಯ ಒಂದು ಭಾಗದಷ್ಟು ನೀರನ್ನು ಬಸಿದುಹೋಗದಂತೆ ಹಿಡಿದಿಟ್ಟುಕೊಳ್ಳಬಲ್ಲದು. ಬೆಳೆಗೆ ಅದೇ ಆಧಾರ. 25 ಸೆಂಟಿಮೀಟರ್ ದಪ್ಪದ ಮಾಳಿಗೆ ಪೂರ್ತಿ ನೆನೆದರೆ ಚದರ ಮೀಟರಿಗೆ 50 ಲೀಟರ್, ಅದೇ ಕೋಣೆಗೆ 1,000 ಲೀಟರ್. ನಮ್ಮ ಪೇಟೆಗಳಲ್ಲಿ ತಾರಸಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಟ್ಯಾಂಕು ಇಡುತ್ತಾರಲ್ಲ, ಅಂಥದೊಂದನ್ನು ತುಂಬಿಸಿ ಕೋಣೆಯ ಮೇಲಿಟ್ಟಂತೆ. ಹೋಟೆಲುಗಳ ಮೇಲೆ ನಿಜವಾದ ಟ್ಯಾಂಕುಗಳು, ಸೌರ ಒಲೆಗಳು, ನೀರು ಕಾಯಿಸುವ ಸೌರಯಂತ್ರಗಳು ಇರುವುದು ಬೇರೆ. ಅದು ಭೂಕಂಪದ ಭಯವಿರುವ ನಾಡು ಎಂಬುದನ್ನೂ ಮರೆಯಬಾರದು. ತಲೆಯ ಮೇಲಿನ ತೂಕ ಹೆಚ್ಚಿದಷ್ಟೂ ಗೋಡೆ ಅಲುಗುವ ಬಲ ಹೆಚ್ಚುತ್ತದೆ.

2010ರ ಆಗಸ್ಟ್ 5ರ ರಾತ್ರಿ, 6ರ ಬೆಳಗಿನ ಜಾವದ ನಡುವೆ ಲೇಹ್ ಮತ್ತು ಸುತ್ತಲ ಹಳ್ಳಿಗಳ ಮೇಲೆ ಮೇಘಸ್ಫೋಟವಾಗಿ 200ಕ್ಕೂ ಹೆಚ್ಚು ಜನ ತೀರಿಕೊಂಡದ್ದು ತಮಗೆ ನೆನಪಿರಬಹುದು. ಅಂದು ಹೆಚ್ಚಿನವರ ಜೀವ ತೆಗೆದದ್ದು ಮಾಳಿಗೆಯಲ್ಲ, ಕೊರಕಲುಗಳಿಂದ ನುಗ್ಗಿದ ಕೆಸರು ಮತ್ತು ಬಂಡೆ. ಆದರೆ ಆ ರಾತ್ರಿಯ ನಂತರ ಮಣ್ಣಿನ ಮಾಳಿಗೆಯ ಮೇಲಿದ್ದ ನಂಬಿಕೆ ಸಡಿಲಿತು, ಅದು ಅಸಹಜವೂ ಅಲ್ಲ. ಒಣನಾಡಿಗೆಂದು ರೂಪಿಸಿದ ಮಾಡಿನ ಮೇಲೆ ಒಮ್ಮೆಗೇ ಜೋರುಮಳೆ ಸುರಿದರೆ ಗೋರಿ ತಳ್ಳಲು ಆಗದು. ಬಿಸಿಯಾಗುತ್ತಿರುವ ಹವೆಯಲ್ಲಿ ಹೆಚ್ಚು ನೀರಾವಿ ನಿಲ್ಲುತ್ತದೆ, ಆದ್ದರಿಂದ ಇಂಥ ಬಿರುಸಿನ ಮಳೆಯ ಸಂಭವ ಹೆಚ್ಚುತ್ತದೆ ಎಂಬುದು ಭೌತಶಾಸ್ತ್ರದ ಮಾತು. ಹಳೆಯದನ್ನು ಹಳೆಯದಾಗಿಯೇ ಇಟ್ಟುಕೊಳ್ಳಿ ಎಂಬ ಉಪದೇಶ ಆದ್ದರಿಂದ ಸಲ್ಲದು. ಪರಿಸರದವರು ಎನಿಸಿಕೊಂಡ ನಮ್ಮಂಥವರು ಅಂಥ ಉಪದೇಶವನ್ನು ಸ್ವಲ್ಪ ಹೆಚ್ಚೇ ಮಾಡಿದ್ದೇವೆ. ಚಂದದ ಚಿತ್ರ ತೆಗೆದುಕೊಂಡು ನಾವು ಕೆಳಗಿಳಿದು ಬರುತ್ತೇವೆ. ಸೋರುವ ಕೋಣೆಯಲ್ಲಿ ಉಳಿಯುವವರು ಅವರು.

ಹಾಗಾದರೆ ಬದಲಿಗೆ ಏನು ಕಟ್ಟುತ್ತಾರೆ? ಮೊದಲನೆಯದು ಕಾಂಕ್ರೀಟು ತಾರಸಿ. ದುಡ್ಡಿರುವವರ ಆಯ್ಕೆ ಇದೇ. ಸಿಮೆಂಟು ಕಬ್ಬಿಣ ಎರಡೂ ಕಣಿವೆಗಳನ್ನು ದಾಟಿ ಲಾರಿಯಲ್ಲಿ ಬರಬೇಕು. ಕಾಂಕ್ರೀಟು ಒಣಮಣ್ಣಿಗಿಂತ ಎರಡು ಮೂರು ಪಟ್ಟು ಬೇಗ ಶಾಖವನ್ನು ಹೊರಗೆ ಬಿಡುತ್ತದೆ, ದಪ್ಪವೂ ಕಡಿಮೆ. ಹುಲ್ಲಿನ ಪದರವಂತೂ ಇಲ್ಲ. ಚಳಿಗಾಲದಲ್ಲಿ ಅಂಥ ಕೋಣೆಯನ್ನು ಬೆಚ್ಚಗಿಡಲು ಸೌದೆಯೋ ಸೀಮೆಎಣ್ಣೆಯೋ ವಿದ್ಯುತ್ತೋ ಎಷ್ಟು ಸುರಿದರೂ ಸಾಲದು. ಹೆಪ್ಪುಗಟ್ಟುವ ಹವೆಯಲ್ಲಿ ಹಾಕಿದ ಕಾಂಕ್ರೀಟು ಬಲಗೊಳ್ಳುವುದಿಲ್ಲ. ಕಳಪೆ ಕೆಲಸವಾದರೆ ಕೆಲವೇ ವರ್ಷಗಳಲ್ಲಿ ಬಿರುಕು. ಆ ಬಿರುಕನ್ನು ಜೇಡಿ ಮೆತ್ತಿ ಮುಚ್ಚಲಾಗದು.

ಎರಡನೆಯದು ತಗಡಿನ ಇಳಿಜಾರು ಮಾಡು. ಕಾಶ್ಮೀರ ಕಣಿವೆಯಲ್ಲಿ ಇದು ಸರ್ವತ್ರ ಕಾಣುತ್ತದೆ, ಅಲ್ಲಿ ಹಿಮವೂ ಹೆಚ್ಚು, ತೇವವೂ ಹೆಚ್ಚು; ಅಲ್ಲಿಗೆ ಅದು ಸರಿ. ಲೇಹ್ ಪೇಟೆಯ ಇಕ್ಕಟ್ಟು ಓಣಿಯಲ್ಲಿ ತಗಡಿನ ಮೇಲಿಂದ ಹಿಮ ಒಮ್ಮೆಗೇ ಜಾರಿ ಬೀಳುವುದು ದಾರಿಹೋಕರ ನೆತ್ತಿಯ ಮೇಲೆ. ತಗಡಿನ ಒಳಮೈಯಲ್ಲಿ ಕೋಣೆಯ ಹಬೆ ಗಡ್ಡೆಯಾಗಿ ಕೂತು ಬಿಸಿಲೇರಿದಾಗ ಮಳೆಯಂತೆ ಸುರಿಯುತ್ತದೆ. ಆದರೂ ಒಂದು ಮಾತು ನ್ಯಾಯವಾಗಿ ಹೇಳಬೇಕು: ಹಳೆಯ ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಿ, ಗಾಳಿಯಾಡಲು ಎಡೆ ಬಿಟ್ಟು ಮೇಲೆ ತಗಡು ಹೊದಿಸಿದರೆ ಅದು ಕೆಟ್ಟ ಉಪಾಯವಲ್ಲ. ನಮ್ಮ ಮಲೆನಾಡಿನ ಪೇಟೆಗಳಲ್ಲಿ ಸೋರುವ ತಾರಸಿಯ ಮೇಲೆ ಶೀಟು ಹೊದಿಸಿಕೊಂಡಿಲ್ಲವೆ? ಮೊದಲೇ ಹಂಚಿನ ಮಾಡು ಉಳಿಸಿಕೊಂಡಿದ್ದರೆ ಎರಡು ಖರ್ಚು ತಪ್ಪುತ್ತಿತ್ತು ಎಂಬುದು ಬೇರೆ ಮಾತು.

ಮೂರನೆಯ ದಾರಿ, ಮಣ್ಣಿನ ಮಾಳಿಗೆಯನ್ನೇ ಬಿಚ್ಚಿ ಸರಿಯಾಗಿ ಮತ್ತೆ ಕಟ್ಟುವುದು. ನನ್ನ ಒಲವು ಇದರ ಕಡೆಗಿದೆ, ಆದರೆ ಷರತ್ತುಗಳೊಡನೆ. ಮಣ್ಣಿನ ನಡುವೆ ನೀರು ತಡೆಯುವ ಒಂದು ಹಾಳೆ ಬೇಕು. ಇದು ಹೊಸ ವಿಚಾರವಲ್ಲ. ಕಾಶ್ಮೀರದ ಹಳೆಯ ಕಟ್ಟಡಗಳಲ್ಲಿ ಭೂರ್ಜ ಮರದ ತೊಗಟೆಯನ್ನು ಪದರ ಪದರವಾಗಿ ಹಾಸಿ ಅದರ ಮೇಲೆ ಮಣ್ಣು ಹಾಕುತ್ತಿದ್ದರು. ಆ ಮಣ್ಣಿನ ಮೇಲೆ ವಸಂತದಲ್ಲಿ ಹೂ ಅರಳುತ್ತಿತ್ತು. ದೂರದ ನಾರ್ವೆಯಲ್ಲಿಯೂ ಭೂರ್ಜದ ತೊಗಟೆಯ ಮೇಲೆ ಹುಲ್ಲುಹೆಂಟೆ ಹಾಸುವ ಪದ್ಧತಿ ಇತ್ತು. ಇಂದು ಭೂರ್ಜ ಕಡಿಯುವ ಹಾಗಿಲ್ಲ, ಕಡಿಯಬಾರದು ಕೂಡ; ಅದರ ಜಾಗದಲ್ಲಿ ದಪ್ಪ ರಬ್ಬರಿನ ಅಥವಾ ಡಾಂಬರು ಲೇಪದ ಹಾಳೆ ಬರುತ್ತದೆ. ಮೇಲಿನ ಮಣ್ಣು ಆ ಹಾಳೆಯನ್ನು ಬಿಸಿಲಿನಿಂದ ಕಾಯುತ್ತದೆ, ಹಾಳೆ ತೊಲೆಯನ್ನು ನೀರಿನಿಂದ ಕಾಯುತ್ತದೆ. ಆದರೆ ಮೇಲೆ ಹಾಳೆ ಹಾಕಿ ಕೆಳಗಿನ ಹಬೆಗೆ ದಾರಿ ಮಾಡದಿದ್ದರೆ ತೊಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಂತಾಗುತ್ತದೆ. ಸ್ನಾನಗೃಹದ ಹಬೆ ನೇರ ಹೊರಹೋಗಲು ಗೋಡೆಯಲ್ಲಿ ಕಿಂಡಿ ಮತ್ತು ಫ್ಯಾನು, ಕೋಣೆಯ ಒಳಮೈಗೆ ಹಬೆ ನುಗ್ಗದಂಥ ಪದರ, ಇವೆರಡೂ ಇಲ್ಲದೆ ಹಾಳೆ ಹಾಕಿಸುವುದಕ್ಕಿಂತ ಹಾಕಿಸದಿರುವುದು ಮೇಲು.

ಇದನ್ನೆಲ್ಲ ಕೇಳಿ, ಮಣ್ಣಿನ ತಂಟೆಯೇ ಬೇಡ, ಮುಂದುವರಿದ ದೇಶಗಳ ಉಕ್ಕಿನ ಮಟ್ಟಸ ಮಾಡು ತಂದುಬಿಡೋಣ ಎನ್ನುವವರೂ ಇದ್ದಾರೆ. ಆ ದೇಶಗಳ ಅನುಭವ ನೋಡಬೇಕು. 2006ರ ಜನವರಿ 28ರಂದು ಪೋಲೆಂಡಿನ ಕಟೊವಿತ್ಸೆ ನಗರದಲ್ಲಿ ಪಾರಿವಾಳಗಳ ಪ್ರದರ್ಶನ ನಡೆಯುತ್ತಿದ್ದ ಭವನದ ಮಾಡು ಹಿಮದ ಭಾರಕ್ಕೆ ಕುಸಿದು 65 ಜನ ಸತ್ತರು. ಮಾಡಿನ ಮೇಲಿನ ಹಿಮ ಮತ್ತು ಗಡ್ಡೆಯನ್ನು ತೆಗೆಸಿರಲಿಲ್ಲ. ಕಟ್ಟಡದ ರಚನೆಯಲ್ಲಿಯೂ ದೋಷವಿತ್ತು. ಅದೇ ತಿಂಗಳ 2ರಂದು ಜರ್ಮನಿಯ ಬಾಡ್ ರೈಷೆನ್‌ಹಾಲ್ ಎಂಬಲ್ಲಿ ಮಂಜಿನ ಮೇಲೆ ಜಾರಾಡುವ ಕ್ರೀಡಾಂಗಣದ ಮಟ್ಟಸ ಮಾಡು ಕುಸಿದು 15 ಜನ ತೀರಿಕೊಂಡರು. ಅಲ್ಲಿ ಮರದ ತೊಲೆಗಳನ್ನು ಅಂಟಿಸಿದ್ದ ಅಂಟು ವರ್ಷಗಟ್ಟಲೆ ತೇವ ತಗುಲಿ ಬಲಗುಂದಿತ್ತು. ಹೊರೆ ಹಿಮದ್ದು, ಆದರೆ ಮಾಡನ್ನು ಮೊದಲೇ ಸೋಲಿಸಿದ್ದು ತೇವ. ಲೇಹ್ ಪಟ್ಟಣದ ಪಾಪ್ಲರ್ ತೊಲೆಯ ಕಥೆಗೂ ಇದಕ್ಕೂ ದೂರವೇನಿಲ್ಲ.

ಅಮೆರಿಕದ ಅಂಗಡಿ, ಗೋದಾಮುಗಳ ಮಟ್ಟಸ ಮಾಡುಗಳಿಗೆ ಡಾಂಬರು ಅಥವಾ ರಬ್ಬರಿನ ಹೊದಿಕೆ. ಅದು 20, 30 ವರ್ಷಕ್ಕೆ ಸವೆಯುತ್ತದೆ. ಅಲ್ಲಿಯ ಕಟ್ಟಡ ನಿಯಮದಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಹಳೆಯ ಹೊದಿಕೆ ನೀರು ಕುಡಿದಿದ್ದರೆ, ಅಥವಾ ಈಗಾಗಲೇ ಎರಡು ಹೊದಿಕೆಗಳಿದ್ದರೆ, ಅದರ ಮೇಲೆ ಮತ್ತೊಂದನ್ನು ಹಾಕಕೂಡದು. ಹಳತನ್ನು ಪೂರ್ತಿ ಕಿತ್ತೇ ಹೊಸದು ಹಾಕಬೇಕು. ಇನ್ನೊಂದು ಸೂಕ್ಷ್ಮವನ್ನೂ ಅಲ್ಲಿನ ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುತ್ತಾರೆ: ಶಾಖ ಹೊರಹೋಗದಂತೆ ಚೆನ್ನಾಗಿ ತಡೆದ ಮಾಡಿನ ಮೇಲೆ ಹಿಮ ಬೇಗ ಕರಗುವುದಿಲ್ಲ, ಆದ್ದರಿಂದ ಹೆಚ್ಚು ದಿನ, ಹೆಚ್ಚು ತೂಕ ನಿಲ್ಲುತ್ತದೆ. ಹಳೆಯ ಸೋರುಕ ಮಾಡು ಶಾಖವನ್ನು ಪೋಲುಮಾಡಿಯೇ ಹಿಮವನ್ನು ಇಳಿಸುತ್ತಿತ್ತು. ಅದನ್ನು ಬೆಚ್ಚಗೆ ಮಾಡಿದ ಮೇಲೆ ಹಿಮ ಹೊರುವ ಶಕ್ತಿ ಅದಕ್ಕೆ ಇದೆಯೇ ಎಂದು ಮತ್ತೆ ಲೆಕ್ಕ ಹಾಕಲೇಬೇಕು. ಲಡಾಖಿನಲ್ಲಿ ಇದರ ಒಳ್ಳೆಯ ಮುಖವೂ ಒಂದಿದೆ. ಕರಗದ ಹಿಮ ಒಣಗಿಯೇ ಇರುತ್ತದೆ, ಗೋರಲು ಸುಲಭ. ಗೋರುವವರು ಇರಬೇಕು, ಅಷ್ಟೆ.

ಕಿತ್ತ ಡಾಂಬರಿನ ಹೊದಿಕೆಯ ಬಹುಪಾಲು ಕಸದ ಗುಂಡಿಗೆ ಹೋಗುತ್ತದೆ. ಕಿತ್ತ ಮಾಳಿಗೆಯ ಮಣ್ಣನ್ನು ಜರಡಿ ಹಿಡಿದು, ಹೊಸ ಹುಲ್ಲು ಸೇರಿಸಿ, ಅದೇ ಮಾಳಿಗೆಗೆ ಬಳಸಬಹುದು; ಮಿಕ್ಕದ್ದನ್ನು ಹೊಲಕ್ಕೆ ಹಾಕಬಹುದು. ಮಣ್ಣಿನವನಾದ ನನಗೆ ಇದು ಸಣ್ಣ ಲಾಭವೆನಿಸುವುದಿಲ್ಲ. ಪ್ಲಾಸ್ಟಿಕ್ ಚೂರು ಸೇರಿದ ಮಣ್ಣನ್ನು ಮಾತ್ರ ಹೊಲಕ್ಕೆ ಹಾಕಬಾರದು.

ಬಿಚ್ಚುವ ಕೆಲಸದ ಬಗ್ಗೆ ಎರಡು ಮಾತು. ಮೊದಲು ಕೆಳಗಿನಿಂದ ತೊಲೆಗಳಿಗೆ ಊರೆ ಕೊಡಬೇಕು. ಕೊಳೆತ ತೊಲೆಯ ಮೇಲೆ ನಾಲ್ಕು ಜನ ನಿಂತು ಅಗೆಯತೊಡಗಿದರೆ ಅಪಾಯ. ತೆಗೆದ ಮಣ್ಣನ್ನು ಮಾಳಿಗೆಯ ಒಂದು ಮೂಲೆಯಲ್ಲಿ ಗುಡ್ಡೆ ಹಾಕದೆ ಕೂಡಲೇ ಕೆಳಗಿಳಿಸಬೇಕು. ಹೊಸ ತೊಲೆಯ ತುದಿಗೆ ಗೋಡೆಯಲ್ಲಿ ಸ್ವಲ್ಪ ಗಾಳಿಯಾಡುವ ಎಡೆ ಬೇಕು. ಮಟ್ಟಸ ಮಾಡು ಎಂಬುದು ಹೆಸರಿಗೆ ಮಾತ್ರ. ಮೀಟರಿಗೆ ಎರಡು ಸೆಂಟಿಮೀಟರಾದರೂ ಇಳುಕಲು ಇಡಬೇಕು. ಆ ಇಳುಕಲು ಬಿಸಿಲು ಬೀಳುವ ದಕ್ಷಿಣದ ಕಡೆಗಿದ್ದರೆ ದಂಬೆಯ ಬಾಯಲ್ಲಿ ಗಡ್ಡೆ ಕಟ್ಟುವುದು ಕಡಿಮೆ. ದಂಬೆ ಗೋಡೆಯಿಂದ ಸಾಕಷ್ಟು ಮುಂದೆ ಚಾಚಿರಬೇಕು, ಇಲ್ಲವಾದರೆ ಮಾಳಿಗೆ ಉಳಿದು ಮಣ್ಣಿನ ಗೋಡೆ ಕರಗೀತು. ನೀರಿನ ಟ್ಯಾಂಕನ್ನು ಕೋಣೆಯ ನಡುವಿನಲ್ಲಿಡದೆ ಗೋಡೆಯ ನೆತ್ತಿಗೆ ತರಬೇಕು.

ಇಷ್ಟೆಲ್ಲ ತಿಳಿದೂ ಕೆಲಸ ಕೆಡುವುದು ಒಂದು ಕಾರಣಕ್ಕೆ, ಅದು ನನಗೆ ಅಲ್ಲಿ ಒಬ್ಬ ವಸತಿಗೃಹದ ಯಜಮಾನರೊಡನೆ ಮಾತನಾಡಿದಾಗ ಸ್ಪಷ್ಟವಾಯಿತು. ಮೆತ್ತಿದ ಮಣ್ಣು ಹೆಪ್ಪುಗಟ್ಟುವ ಕಾಲಕ್ಕೆ ಮುಂಚೆ ಪೂರ್ತಿ ಒಣಗಬೇಕು. ಅದಕ್ಕೆ ತಕ್ಕ ತಿಂಗಳುಗಳು ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ. ಹೋಟೆಲಿಗೆ ಜನ ಬರುವ ತಿಂಗಳುಗಳೂ ಅವೇ. ಮಾಳಿಗೆ ಬಿಚ್ಚಿದರೆ ವರ್ಷದ ಆದಾಯ ಹೋಯಿತು. ಆದ್ದರಿಂದ ಕೆಲಸ ಅಕ್ಟೋಬರಿಗೆ ಬೀಳುತ್ತದೆ. ಹಸಿಮಣ್ಣು ಒಣಗುವ ಮೊದಲೇ ಹೆಪ್ಪುಗಟ್ಟುತ್ತದೆ. ಮಾರ್ಚಿನಲ್ಲಿ ಕರಗಿದಾಗ ಹೊಸ ಮಾಳಿಗೆ ಹಳೆಯದಕ್ಕಿಂತ ಹೆಚ್ಚು ಸೋರುತ್ತದೆ. ಆಮೇಲೆ ದೂರು ಮಣ್ಣಿನ ಮೇಲೆ. ಹದ ತಪ್ಪಿ ಬಿತ್ತಿ ಬೀಜವನ್ನು ಬೈದಂತೆ. ಮಣ್ಣು ಬಲ್ಲ ಕೆಲಸಗಾರರೂ ಆ ತಿಂಗಳುಗಳಲ್ಲಿ ಪ್ರವಾಸದ ದುಡಿಮೆಗೆ ಹೋಗಿರುತ್ತಾರೆ ಎಂಬುದು ಇನ್ನೊಂದು ತೊಡಕು.

ಇದಕ್ಕೆ ನನಗೆ ಕಾಣುವ ಪರಿಹಾರ ಹೊಲದ ಲೆಕ್ಕದ್ದೇ. ಇಡೀ ಕಟ್ಟಡವನ್ನು ಒಮ್ಮೆಗೆ ಬಿಚ್ಚದೆ, ಬೀಳುಬಿಡುವ ರೈತನಂತೆ ವರ್ಷಕ್ಕೆ ಕಾಲುಭಾಗ, ಮೂರು ನಾಲ್ಕು ಕೋಣೆಗಳನ್ನು ಮಾತ್ರ ಜೂನ್ ತಿಂಗಳಲ್ಲಿ ಮುಚ್ಚಿ ಕೆಲಸ ಮಾಡಿಸುವುದು. ನಾಲ್ಕು ವರ್ಷಕ್ಕೆ ಒಂದು ಸುತ್ತು ಮುಗಿಸುವುದು. ಅಕ್ಕಪಕ್ಕದ ನಾಲ್ಕು ಹೋಟೆಲಿನವರು ಸೇರಿ ಚಳಿಗಾಲಕ್ಕೆ ಒಬ್ಬರನ್ನೋ ಇಬ್ಬರನ್ನೋ ಸಂಬಳ ಕೊಟ್ಟು ಇಟ್ಟುಕೊಂಡರೆ ಹಿಮ ಗೋರುವ ಕೆಲಸವೂ ಆಗುತ್ತದೆ, ದಂಬೆ ನೋಡುವ ಕೆಲಸವೂ ಆಗುತ್ತದೆ. ಆ ಸಂಬಳ ಒಂದು ತಾರಸಿಯ ಸಿಮೆಂಟಿನ ಬೆಲೆಯ ಮುಂದೆ ದೊಡ್ಡದಲ್ಲ. ಆ ಯಜಮಾನರಿಗೆ ಇದನ್ನು ಹೇಳಿದಾಗ ಅವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಮೊದಲು ಎರಡು ಕೋಣೆಗಳ ಮೇಲಿನ ಮಣ್ಣನ್ನು ಅಳೆದು ನೋಡುತ್ತೇನೆ ಎಂದರು. ಅಂದೇ ಸಂಜೆ ಏಣಿ ಹತ್ತಿ ಅಂಚಿನಲ್ಲಿ ಒಂದು ಗೇಣಗಲ ಅಗೆದು ಅಳೆದೆವು. ಬೇರೆ ಬೇರೆ ಬಣ್ಣದ ಮಣ್ಣಿನ ಗೆರೆಗಳು ಒಂದರ ಮೇಲೊಂದು ಎದ್ದುಕಾಣುತ್ತಿದ್ದವು. 38 ಸೆಂಟಿಮೀಟರ್ ಇತ್ತು.

ಆ ದಪ್ಪಕ್ಕೆ ಚದರ ಮೀಟರಿಗೆ ಎಷ್ಟು ತೂಕವಾಯಿತೆಂದು ವಿದ್ಯಾರ್ಥಿ ಮಿತ್ರರು ಈಗಲೇ ಗುಣಿಸಿ ನೋಡಬಹುದು. ಪ್ರಶ್ನೆಗಳಿದ್ದರೆ ಕೇಳಬೇಕೆಂದು ವಿನಂತಿ.